23 ಬೇಡಿಕೆಯಿಂದ ಒಂದೇ ಹಾಳೆಗೆ

ಬೆಂಗಳೂರಿನಲ್ಲಿ ಒಂದು ರಾಜಕೀಯ ಪಕ್ಷದ ಕಾರ್ಮಿಕ ಘಟಕದ ಕಚೇರಿಯಲ್ಲಿ ನನ್ನ ಕೆಲಸ. ಕಾರ್ಯಕರ್ತರ ಬೇಡಿಕೆಗಳನ್ನು ಬರೆದುಕೊಳ್ಳುವುದು, ಅವರನ್ನು ಶಾಸಕರ ಹತ್ತಿರ ಕರೆದುಕೊಂಡು ಹೋಗುವುದು, ಆಮೇಲೆ ಆ ಮಾತು ಸದನಕ್ಕೆ ಮುಟ್ಟಿತಾ ಇಲ್ಲವಾ ಅಂತ ಬೆನ್ನು ಹತ್ತುವುದು. ಯಾವ ಪಕ್ಷ ಅಂತ ಹೇಳುವುದಿಲ್ಲ. ಎಲ್ಲ ಪಕ್ಷಗಳಲ್ಲೂ ಈ ಕೆಲಸ ಮಾಡುವವರು ಇದ್ದಾರೆ, ಅವರಿಗೂ ಉಪಯೋಗ ಆಗಲಿ ಅಂತಲೇ ಬರೆಯುತ್ತಿದ್ದೇನೆ.

2023ರ ಕೊನೆಯ ಮಾತು. ಬೆಳಗಾವಿಯ ಚಳಿಗಾಲದ ಅಧಿವೇಶನ ಹತ್ತಿರ ಬಂದಿತ್ತು. ಊಟ, ಪಾರ್ಸೆಲ್ ತಲುಪಿಸುವ ಹುಡುಗರು, ಆ್ಯಪ್ ಕ್ಯಾಬ್ ಓಡಿಸುವವರು ನಮ್ಮ ಘಟಕದಲ್ಲಿ ಜಾಸ್ತಿ ಆಗಿದ್ದರು. ಗಿಗ್ ಕಾರ್ಮಿಕರು ಅಂತ ಕರೆಯುವುದು ಇವರನ್ನೇ. ಅವರಿಗೆ ಸಾಮಾಜಿಕ ಭದ್ರತೆಯ ಕಾನೂನು ಬೇಕು ಅನ್ನುವುದು ನಮ್ಮ ಮೊದಲ ಬೇಡಿಕೆ. ಅದೇ ವರ್ಷ ರಾಜಸ್ಥಾನ ಇಂಥ ಕಾನೂನು ಮಾಡಿತ್ತು, ದೇಶದಲ್ಲೇ ಮೊದಲು. ನಮ್ಮಲ್ಲೂ ಆಗಲೇಬೇಕು ಅಂತ ಎಲ್ಲರಿಗೂ ಹುರುಪು.

ಅರವತ್ತು ಜನರನ್ನು ಕರೆದುಕೊಂಡು ಶಾಸಕರ ಭವನಕ್ಕೆ ಹೋದೆ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಇತ್ತು. ಮನವಿ ಪತ್ರ ನಾನೇ ಟೈಪ್ ಮಾಡಿದ್ದು. ಯಾರ ಮನಸ್ಸಿಗೂ ನೋವಾಗಬಾರದು ಅಂತ ಬಂದವರೆಲ್ಲ ಹೇಳಿದ್ದನ್ನೂ ಸೇರಿಸಿದ್ದೆ. ಗಿಗ್ ಕಾರ್ಮಿಕರ ಕಾನೂನಿನಿಂದ ಹಿಡಿದು ಬಡಾವಣೆಯ ಚರಂಡಿವರೆಗೆ ಒಟ್ಟು 23 ಬೇಡಿಕೆ. ಶಾಸಕರು ನಗುನಗುತ್ತಾ ಶಾಲು ಹಾಕಿಸಿಕೊಂಡರು, ಫೋಟೊ ಆಯಿತು, "ಖಂಡಿತ ಮಾಡೋಣ" ಅಂದರು. ಹತ್ತು ನಿಮಿಷವೂ ಆಗಿರಲಿಲ್ಲ. ಆ ಅಧಿವೇಶನದಲ್ಲಿ ಅವರು ಆ ವಿಷಯದ ಬಗ್ಗೆ ಒಂದು ಮಾತೂ ಆಡಲಿಲ್ಲ.

ನಾನು ಅವರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಆದರೆ ಅವರ ಪಿಎ ಒಂದು ದಿನ ಆ ಮನವಿಯನ್ನು ಫೈಲಿನಿಂದ ತೆಗೆದು ನನ್ನ ಮುಂದೆ ಇಟ್ಟರು. "ಮೇಡಂ, ಇದರಲ್ಲಿ 23 ಇದೆ. ಸಾಹೇಬ್ರು ಯಾವುದನ್ನ ಕೇಳಬೇಕು? ಯಾರನ್ನ ಕೇಳಬೇಕು? ಪ್ರಶ್ನೆ ಹಾಕಬೇಕಾ, ಶೂನ್ಯ ವೇಳೆಯಲ್ಲಿ ಎತ್ತಬೇಕಾ, ಮಂತ್ರಿಗಳಿಗೆ ಪತ್ರ ಬರೀಬೇಕಾ? ನೀವು ಬರೆದೇ ಇಲ್ಲವಲ್ಲ." ನನಗೆ ಉತ್ತರ ಇರಲಿಲ್ಲ. ನಾನು ಬರೆದದ್ದು ಬೇಡಿಕೆಗಳನ್ನು. ಶಾಸಕರು ಮಾಡಬೇಕಾದ ಕೆಲಸ ಆ ಹಾಳೆಗಳಲ್ಲಿ ಎಲ್ಲೂ ಇರಲಿಲ್ಲ.

ಬೇರೆ ಕಡೆ ಇದನ್ನು ಹೇಗೆ ಮಾಡುತ್ತಾರೆ ಅಂತ ಆಮೇಲೆ ಹುಡುಕಿ ಓದಿದೆ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷದ ಪ್ರತಿನಿಧಿಗಳು ಎರಡು ವರ್ಷಕ್ಕೊಮ್ಮೆ ಸಮಾವೇಶ ಸೇರುತ್ತಾರೆ. ಶಾಸನ ಸಭೆಯಲ್ಲಿ ಆಗಲೇಬೇಕಾದ ಕೆಲವೇ ಆದ್ಯತೆಗಳನ್ನು ಮತ ಹಾಕಿ ಆರಿಸುತ್ತಾರೆ. ಈಚೆಗೆ ಅವು ಎಂಟು. ಅಲ್ಲಿನ ಶಾಸನ ಸಭೆಯ ಮಾಮೂಲಿ ಅಧಿವೇಶನ ಎರಡು ವರ್ಷಕ್ಕೆ ಒಂದೇ ಸಲ, ಅದೂ ಹೆಚ್ಚೆಂದರೆ 140 ದಿನ. ಕಾರ್ಯಕರ್ತರು ಆ ಪಟ್ಟಿ ಹಿಡಿದುಕೊಂಡು ತಮ್ಮದೇ ಶಾಸಕರ ಬಾಗಿಲು ತಟ್ಟುತ್ತಾರೆ. ಅವರ ರಾಜಕೀಯ ಒಪ್ಪುವುದು ಬಿಡುವುದು ಬೇರೆ ಮಾತು. ಇಡೀ ಒಂದು ರಾಜ್ಯದ ಪಕ್ಷ ಎಂಟಕ್ಕೆ ನಿಲ್ಲುತ್ತದೆ, ನಾನೊಬ್ಬಳು ಒಂದೇ ಬೆಳಿಗ್ಗೆ 23 ಹೊತ್ತುಕೊಂಡು ಹೋಗಿದ್ದೆ.

ಆದರೆ ಅವರ ದಾರಿ ನಮಗೆ ಪೂರ್ತಿ ಹೊಂದುವುದಿಲ್ಲ. ಇದು ನನಗೆ ಗೊತ್ತಾಗಿದ್ದು ಇನ್ನೊಂದು ತಪ್ಪು ಮಾಡಿದ ಮೇಲೆ. "ನಿಮ್ಮ ಶಾಸಕರಿಗೆ ಫೋನ್ ಮಾಡಿ, ಮಸೂದೆ ಪರ ಮತ ಹಾಕಿ ಅಂತ ಹೇಳಿ" ಅಂತ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕಿದ್ದೆ. ಒಬ್ಬ ಹಿರಿಯ ಶಾಸಕರು ನನ್ನನ್ನೇ ಕರೆದು ಕೇಳಿದರು. "ಏನಮ್ಮಾ, ವಿಪ್ ಅಂದ್ರೆ ಗೊತ್ತಾ?" 1985ರಲ್ಲಿ ಪಕ್ಷಾಂತರ ನಿಷೇಧ ಸಂವಿಧಾನದ ಹತ್ತನೇ ಅನುಸೂಚಿಗೆ ಸೇರಿತು. ವಿಪ್ ಅಂದರೆ ಹೀಗೇ ಮತ ಹಾಕಬೇಕು ಅನ್ನುವ ಪಕ್ಷದ ಆದೇಶ. ಅದನ್ನು ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಹಾಗಾಗಿ ಮತದ ದಿನ ಒಬ್ಬೊಬ್ಬ ಶಾಸಕರ ಹಿಂದೆ ಬಿದ್ದು ಪ್ರಯೋಜನ ಇಲ್ಲ. ಅಷ್ಟು ಹೊತ್ತಿಗೆ ಎಲ್ಲ ತೀರ್ಮಾನ ಆಗಿರುತ್ತದೆ. ನಮ್ಮ ಮಾತು ನಡೆಯುವುದು ಅದಕ್ಕೂ ಮೊದಲು. ಇಲಾಖೆಯಲ್ಲಿ ಕರಡು ಬರೆಯುವಾಗ, ಸಂಪುಟಕ್ಕೆ ಹೋಗುವ ಮುಂಚೆ, ಪಕ್ಷದ ಶಾಸಕರೆಲ್ಲ ಸೇರುವ ಶಾಸಕಾಂಗ ಪಕ್ಷದ ಸಭೆಯಲ್ಲಿ. ಬಾಗಿಲು ಹಾಕಿದ ಆ ಸಭೆಯಲ್ಲಿ ಶಾಸಕರು ಎದ್ದು ಮಂತ್ರಿಯನ್ನು ಕೇಳಬಹುದು, ಜಗಳವನ್ನೂ ಆಡಬಹುದು.

"ನೀವೇ ಒಂದು ಮಸೂದೆ ತನ್ನಿ ಸರ್" ಅಂತ ಕೇಳುವವರೂ ಇದ್ದಾರೆ. ಮಂತ್ರಿಯಲ್ಲದ ಶಾಸಕರೂ ಖಾಸಗಿ ಸದಸ್ಯರ ಮಸೂದೆ ತರಬಹುದು, ವಿಷಯ ಚರ್ಚೆಗೆ ಬರುತ್ತದೆ. ಅದೇ ಕಾನೂನಾಗುತ್ತದೆ ಅಂತ ಮಾತ್ರ ನಂಬಿ ಕೂರಬೇಡಿ. ಸಂಸತ್ತಿನಲ್ಲೇ 1970ರ ನಂತರ ಅಂಥ ಒಂದು ಮಸೂದೆಯೂ ಕಾಯ್ದೆಯಾಗಿಲ್ಲ.

2024ರ ಜೂನ್ ಕೊನೆಗೆ ರಾಜ್ಯ ಸರ್ಕಾರ ಗಿಗ್ ಕಾರ್ಮಿಕರ ಮಸೂದೆಯ ಕರಡು ಹೊರಡಿಸಿ ಸಲಹೆ, ಆಕ್ಷೇಪಣೆ ಕೇಳಿತು. ಈ ಸಲ ಅರವತ್ತು ಜನ ಬೇಡ ಅಂದೆ. ಮೂರೇ ಜನ, ಒಂದೇ ಹಾಳೆ. ಆದರೆ ಆ ಹಾಳೆಯಲ್ಲಿ ಏನಿರಬೇಕು ಅಂತ ತೀರ್ಮಾನ ಮಾಡಲು ಮೂರು ಸಂಜೆ ಕೂತೆವು. ಕ್ಷೇಮ ನಿಧಿ, ವಿಮೆ, ಕ್ಷೇಮ ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿ, ಎಲ್ಲವೂ ಬೇಕಾದದ್ದೇ. ಯಾವುದನ್ನು ಬಿಡುವುದು? ಜೋರು ಮಾತೇ ಆಯಿತು. ಕೊನೆಗೆ ಒಬ್ಬರು ಡೆಲಿವರಿ ಅಣ್ಣ ಹೇಳಿದರು. "ಅಕ್ಕ, ವಿಮೆ ಬರೋದು ನಾವು ಕೆಲಸದಲ್ಲಿ ಇದ್ರೆ ತಾನೇ? ಆ್ಯಪ್‌ನಲ್ಲಿ ನಮ್ಮ ಐಡಿ ಬ್ಲಾಕ್ ಆದ್ರೆ ಅವತ್ತೇ ನಾವು ಯಾರೂ ಅಲ್ಲ." ಅದೇ ನಮ್ಮ ಹಾಳೆ ಆಯಿತು. ಕೆಲಸದಿಂದ ತೆಗೆಯುವ ಮುಂಚೆ ಲಿಖಿತ ಕಾರಣ, 14 ದಿನದ ನೋಟಿಸ್ ಕೊಡಬೇಕು ಅಂತ ಕರಡಿನಲ್ಲಿತ್ತು. ಉದ್ದಿಮೆಯವರೂ ತಮ್ಮ ಆಕ್ಷೇಪಣೆ ಸಲ್ಲಿಸುತ್ತಿದ್ದರು. ಈ ಸಾಲು ಬಿದ್ದು ಹೋಗಬಾರದು, ಇಷ್ಟೇ ನಮ್ಮ ಬೇಡಿಕೆ. ಅದರ ಕೆಳಗೆ ಶಾಸಕರು ಏನು ಮಾಡಬೇಕು ಅಂತ ಎರಡು ಸಾಲು. ಕಾರ್ಮಿಕ ಸಚಿವರಿಗೆ ಒಂದು ಪತ್ರ, ಶಾಸಕಾಂಗ ಪಕ್ಷದ ಸಭೆಯಲ್ಲಿ ಒಂದು ಮಾತು.

ಬೆಳಿಗ್ಗೆ ಏಳೂವರೆಗೆ ಅದೇ ಶಾಸಕರ ಮನೆಗೆ ಹೋದೆವು. ಜನರ ನೂಕುನುಗ್ಗಲು ಶುರುವಾಗುವ ಮುಂಚಿನ ಹೊತ್ತು ಅದು. ಆ ಅಣ್ಣ ಭಾಷಣ ಮಾಡಲಿಲ್ಲ. ಜೇಬಿನಿಂದ ಫೋನ್ ತೆಗೆದರು. ಗಾಜು ಮೂಲೆಯಿಂದ ಮೂಲೆಗೆ ಒಡೆದಿತ್ತು, ಹಿಂದೆ ಪವರ್ ಬ್ಯಾಂಕನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದರು. ಐಡಿ ಬ್ಲಾಕ್ ಆದ ದಿನದ ಸ್ಕ್ರೀನ್‌ಶಾಟ್ ತೆಗೆದು ಶಾಸಕರ ಕೈಗೆ ಕೊಟ್ಟರು. ಶಾಸಕರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಬೆರಳಿನಿಂದ ಮೇಲೆ ಕೆಳಗೆ ಮಾಡಿ ನೋಡಿದರು.

"ಕಾರಣ ಎಲ್ಲಿದೆ ಇದರಲ್ಲಿ?"

"ಅದನ್ನೇ ಸರ್ ನಾನೂ ಕೇಳ್ತಿರೋದು. ಹನ್ನೊಂದು ದಿನ ಕೇಳಿದೆ. ಯಾರನ್ನ ಕೇಳಬೇಕು ಅಂತಾನೇ ಗೊತ್ತಾಗಲಿಲ್ಲ."

ಶಾಸಕರು ಫೋನ್ ವಾಪಸ್ ಕೊಡಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಪಿಎಯನ್ನು ಕರೆದು ಪತ್ರ ಬರೆಸಿದರು. ಮುಕ್ಕಾಲು ಗಂಟೆ ಕೂತಿದ್ದೆವು. ಅವತ್ತು ಯಾರೂ ಫೋಟೊ ತೆಗೆಯಲಿಲ್ಲ. ನಮಗೆ ನೆನಪೇ ಆಗಲಿಲ್ಲ.

ಆ ಹಾಳೆಯ ಇನ್ನೊಂದು ಪ್ರತಿಯನ್ನು ಕಾರ್ಮಿಕ ಇಲಾಖೆಯ ಕಚೇರಿ ಇರುವ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದೆ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮುದ್ರೆ ಇಲ್ಲದ ಪತ್ರ ಕೊಟ್ಟಂತೆಯೇ ಅಲ್ಲ.

2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಅಂದರೆ ಸದನ ಸೇರದಿರುವಾಗ ರಾಜ್ಯಪಾಲರು ಹೊರಡಿಸುವ ತಾತ್ಕಾಲಿಕ ಕಾನೂನು. ಕಚೇರಿಯಲ್ಲಿ ಮೈಸೂರು ಪಾಕ್ ಹಂಚಿದರು, ಗ್ರೂಪಿನಲ್ಲಿ ಎಲ್ಲರೂ "ಆಯ್ತಲ್ಲ, ಕಾನೂನು ಬಂತಲ್ಲ" ಅಂದರು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಸಂವಿಧಾನದ 213ನೇ ವಿಧಿಯ ಪ್ರಕಾರ ಸದನ ಮತ್ತೆ ಸೇರಿದ ಆರು ವಾರಕ್ಕೆ ಸುಗ್ರೀವಾಜ್ಞೆಯ ಆಯುಸ್ಸು ಮುಗಿಯುತ್ತದೆ. ಅಷ್ಟರೊಳಗೆ ಮಸೂದೆ ಎರಡೂ ಸದನದಲ್ಲಿ ಪಾಸಾಗಬೇಕು. ಜನ ಸುಸ್ತಾಗಿ ಕೂರುವುದು ಇಂಥ ಹೊತ್ತಿನಲ್ಲೇ.

ಆ ಎರಡು ತಿಂಗಳು ಕಾರ್ಯಕರ್ತರನ್ನು ಹಿಡಿದಿಟ್ಟಿದ್ದು ನಾನಲ್ಲ, ನಮ್ಮ ಒಬ್ಬ ವಾರ್ಡ್ ಅಧ್ಯಕ್ಷೆ. ಅರವತ್ತು ದಾಟಿದ ಅಮ್ಮ. ಸಭೆಯಲ್ಲಿ ಯಾರೋ "ಇನ್ನೂ ಎಷ್ಟು ಸಲ ಶಾಸಕರ ಹತ್ತಿರ ಹೋಗೋದು" ಅಂದಾಗ ಅವರು ಎದ್ದು ನಿಂತರು. "ಪ್ರಣಾಳಿಕೆ ಹಿಡ್ಕೊಂಡು ಮನೆ ಮನೆಗೆ ಹೋಗಿದ್ದು ಅವರಲ್ಲ ಕಣಪ್ಪ, ನಾನು. ತರಕಾರಿ ತರೋಕೆ ಹೋದ್ರೆ ಜನ ನನ್ನ ಕೇಳ್ತಾರೆ, ಏನಾಯ್ತಮ್ಮಾ ಅಂತ. ನಾನು ಯಾರನ್ನ ಕೇಳಲಿ?" ಶಾಸಕರ ಹತ್ತಿರ ಹೋಗಿ ಒತ್ತಾಯ ಮಾಡುವುದು ಅವರಿಗೆ ತೊಂದರೆ ಕೊಟ್ಟಂತೆ ಅಂತ ನನಗೆ ಎಷ್ಟೋ ವರ್ಷ ಒಳಗೊಳಗೇ ಸಂಕೋಚ ಇತ್ತು. ಆ ಅಮ್ಮನ ಮಾತು ಕೇಳಿದ ಮೇಲೆ ಅದು ಹೋಯಿತು.

ಆಗಸ್ಟ್‌ನ ಮಳೆಗಾಲದ ಅಧಿವೇಶನದಲ್ಲಿ ಮಸೂದೆ ಬಂತು, ಪಾಸಾಯಿತು. ಕಾರ್ಮಿಕರಿಗೆ ಸಿಗುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಂಪನಿಗಳು ಕ್ಷೇಮ ಶುಲ್ಕ ಕಟ್ಟಬೇಕು. 14 ದಿನದ ನೋಟಿಸಿನ ಸಾಲೂ ಉಳಿದಿತ್ತು. ನಮ್ಮಿಂದಲೇ ಉಳಿಯಿತು ಅಂತ ಹೇಳಲಾರೆ. ಎಷ್ಟೋ ಸಂಘಟನೆಗಳು ವರ್ಷಗಟ್ಟಲೆ ದುಡಿದಿವೆ. ನಮ್ಮದೂ ಒಂದು ಹಾಳೆ ಇತ್ತು.

ಪ್ರೇಕ್ಷಕರ ಗ್ಯಾಲರಿಗೆ ಎರಡೇ ಪಾಸ್ ಸಿಕ್ಕಿತ್ತು. ಆ ಅಣ್ಣ ಮತ್ತು ಆ ಅಮ್ಮ ಹೋದರು. ನಾನು ವಿಧಾನಸೌಧದ ಹೊರಗೆ ಅವರಿಬ್ಬರ ಫೋನ್ ಹಿಡಿದುಕೊಂಡು ನಿಂತಿದ್ದೆ. ಹೊರಗೆ ಬಂದಾಗ ಅಮ್ಮನ ಕಣ್ಣು ಒದ್ದೆಯಾಗಿತ್ತು. ಅಣ್ಣ ಫೋನ್ ಇಸ್ಕೊಂಡು ಆ್ಯಪ್ ಆನ್ ಮಾಡುತ್ತಾ ಕೇಳಿದರು. "ಅಕ್ಕ, ಇದಕ್ಕೆ ಇನ್ನು ನಿಯಮ ಬರೀಬೇಕಲ್ವಾ? ಅದನ್ನ ಬರೆಯೋದು ಯಾರು?"

ಮಾರನೇ ದಿನ ಕಚೇರಿಗೆ ಹೋಗಿ ಹೊಸ ಹಾಳೆ ತೆಗೆದೆ.