ಬೆಳ್ಳೂರು ಕ್ರಾಸ್ ಪಕ್ಕದ ವಿಶ್ವವಿದ್ಯಾಲಯ

ಮಂಡ್ಯ ಜಿಲ್ಲೆ ಅಂದರೆ ಕಬ್ಬು, ನಾಲೆ ಅಂದುಕೊಂಡವರು ನಾಗಮಂಗಲ ದಾಟಿ ಬೆಳ್ಳೂರು ಕಡೆ ಬರಬೇಕು. ಇಲ್ಲಿ ಕಣ್ಣಿಗೆ ಬೀಳುವುದು ರಾಗಿ ಹೊಲ, ತೆಂಗು, ಬಂಡೆ ಗುಡ್ಡ. ಅಣ್ಣನ ಮಗಳಿಗೆ ಫಾರ್ಮಸಿ ಓದುವ ಆಸೆ. ಬಿ.ಜಿ. ನಗರದ ಆದಿಚುಂಚನಗಿರಿ ವಿಶ್ವವಿದ್ಯಾಲಯವನ್ನು ಒಮ್ಮೆ ನೋಡಿ ಬರೋಣ ಅಂತ ಇಬ್ಬರೂ ಬಸ್ ಹತ್ತಿದೆವು.

ಕಂಡಕ್ಟರ್‌ಗೆ "ಯೂನಿವರ್ಸಿಟಿ" ಅಂದೆ. "ಆಸ್ಪತ್ರೆ ತಾನೇ?" ಅಂತ ಟಿಕೆಟ್ ಹರಿದರು. ಅವರದ್ದೇನೂ ತಪ್ಪಿಲ್ಲ ಬಿಡಿ. ಇಲ್ಲಿ ವೈದ್ಯಕೀಯ ಕಾಲೇಜು ಬಂದದ್ದು 1986ರಲ್ಲಿ. ವಿಶ್ವವಿದ್ಯಾಲಯ ಅನ್ನುವ ಬೋರ್ಡು ಬಿದ್ದದ್ದು 2018ರಲ್ಲಿ.

ಒಳಗೆ ಹೋದರೂ ಅದೇ ಅನ್ನಿಸುತ್ತದೆ. ಎಂಜಿನಿಯರಿಂಗ್, ಫಾರ್ಮಸಿ, ನರ್ಸಿಂಗ್ ಎಲ್ಲ ಇವೆ. ಆದರೆ ಜನ ಇರುವುದು ಓಪಿಡಿ ಮುಂದೆ. ಪಂಚೆ ಎತ್ತಿ ಕಟ್ಟಿದ ಅಜ್ಜಂದಿರು, ಕಂಕುಳಲ್ಲಿ ಮಗು ಹೊತ್ತ ತಾಯಂದಿರು, ಕೈಯಲ್ಲಿ ಚೀಟಿ. ಎಂ.ಡಿ., ಎಂ.ಎಸ್. ಓದುವವರು ಪ್ರಬಂಧ ಬರೆಯಲೇಬೇಕಲ್ಲ. ಅದರ ಸರಕು ಸಿಗುವುದು ಈ ಸಾಲಿನಲ್ಲೇ. ಸಂಶೋಧನೆ ಅಂದರೆ ಎಸಿ ರೂಮಿನ ಯಂತ್ರ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಹೊಲದಲ್ಲಿ ದುಡಿದವರ ಸೊಂಟ, ಶ್ವಾಸಕೋಶದ ಕಥೆ ಕೇಳಬೇಕಾದರೆ ಪಟ್ಟಣದ ಕ್ಯಾಂಪಸ್‌ಗಿಂತ ಇದೇ ಸರಿಯಾದ ಜಾಗ.

"ಚಿಕ್ಕಪ್ಪ, ಇದೂ ಡೀಮ್ಡ್ ಯೂನಿವರ್ಸಿಟಿ ತಾನೇ?" ಅಂತ ಹುಡುಗಿ ಕೇಳಿದಳು. ಅಲ್ಲ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜು ಇರುವ ಸಂಸ್ಥೆ ಡೀಮ್ಡ್, ಅಂದರೆ ವಿಶ್ವವಿದ್ಯಾಲಯಕ್ಕೆ ಸಮ ಅಂತ ಪರಿಗಣಿಸಿದ್ದು. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಸಲಹೆ ಮೇಲೆ ಕೇಂದ್ರ ಸರ್ಕಾರ 2008ರಲ್ಲಿ ಕೊಟ್ಟ ಸ್ಥಾನ ಅದು. ಇದು ನಮ್ಮ ವಿಧಾನಮಂಡಲದ ಕಾಯ್ದೆಯಿಂದ ಹುಟ್ಟಿದ ಖಾಸಗಿ ವಿಶ್ವವಿದ್ಯಾಲಯ. ಪಾಠ, ಪರೀಕ್ಷೆ, ಡಿಗ್ರಿ ಎಲ್ಲ ತನ್ನದೇ. ಸ್ವಾತಂತ್ರ್ಯ ಜಾಸ್ತಿ. ಹಾಗಾಗಿ ಸೇರುವವರು ಕೋರ್ಸಿಗೆ ಆ ವೃತ್ತಿಯ ಶಿಕ್ಷಣ ನೋಡಿಕೊಳ್ಳುವ ಕೌನ್ಸಿಲ್‌ನ ಮಾನ್ಯತೆ ಇದೆಯಾ ಅಂತ ತಾವೇ ನೋಡಿಕೊಳ್ಳಬೇಕು. ಫೀಸಂತೂ ಮೊದಲೇ ಬರಹದಲ್ಲಿ ಪಡೆಯಿರಿ. ಯಾವ ಖಾಸಗಿ ಕಾಲೇಜಾದರೂ ಇಷ್ಟು ಮಾಡಲೇಬೇಕು ಅನ್ನುವುದು ನನ್ನ ಮಾತು.

ಸಂಜೆ ಚುಂಚನಗಿರಿ ಬೆಟ್ಟ ಹತ್ತಿದೆವು. ಕಾಲಭೈರವೇಶ್ವರನ ದರ್ಶನ, ಆಮೇಲೆ ಮಠದಲ್ಲಿ ಊಟ. ಬಿ.ಜಿ. ಅಂದರೆ 1974ರಲ್ಲಿ ಪೀಠಕ್ಕೆ ಬಂದ ಬಾಲಗಂಗಾಧರನಾಥ ಸ್ವಾಮೀಜಿ. ಕೆಳಗಿನ ಈ ಶಾಲೆ, ಕಾಲೇಜು, ಆಸ್ಪತ್ರೆ ಎಲ್ಲ ಬೆಳೆದದ್ದು ಅವರ ಕಾಲದಲ್ಲಿ. ಬೆಟ್ಟದ ಸುತ್ತ ನವಿಲುಧಾಮವೂ ಇದೆ.

ಕ್ಯಾಂಪಸ್ ನೋಡಲು ಹೋಗುವವರು ಅಮಾವಾಸ್ಯೆ ದಿನ ಹೋಗಬೇಡಿ. ಅವತ್ತು ಬೆಟ್ಟಕ್ಕೆ ಭಕ್ತರು ನುಗ್ಗುತ್ತಾರೆ, ಬಸ್ಸಲ್ಲಿ ಕಾಲಿಡಲೂ ಜಾಗ ಇರಲ್ಲ. ಬೆಂಗಳೂರಿನವರಿಗೆ ರೈಲೂ ಇದೆ. ಹಾಸನದ ದಾರಿಯಲ್ಲಿ ಬಿ.ಜಿ. ನಗರ ಅಂತಲೇ ಒಂದು ಸ್ಟೇಷನ್ ಸಿಗುತ್ತದೆ.