ಬಿಸಿಸಿ ಮೇಲಿದ್ದ ಖಾಲಿ ಸಾಲು

ಅವತ್ತು ರಾತ್ರಿ ಹನ್ನೊಂದಕ್ಕೆ ಸರ್ವರ್ ನಿಲ್ಲಿಸಬೇಕಿತ್ತು. ಎರಡು ಗಂಟೆ ಸೇವೆ ಸಿಗುವುದಿಲ್ಲ ಅಂತ 40 ಗ್ರಾಹಕರಿಗೆ ಸಂಜೆಯೇ ಮೇಲ್ ಹೋಗಬೇಕು. ಟು ಜಾಗದಲ್ಲಿ ನಮ್ಮ ಜೊತೆ ಕೆಲಸ ಮಾಡುವ ಇನ್ನೊಂದು ಕಂಪನಿಯ ಗುಂಪು ವಿಳಾಸ, ಬೇರೆಯವರಿಗೆ ಕಾಣದ ಹಾಗೆ ವಿಳಾಸ ಹಾಕುವ ಬಿಸಿಸಿಯಲ್ಲಿ ಆ 40 ಜನ. ಇಂಥ ಮೇಲ್‌ಗಳಿಗಾಗಿ ನಾನೇ ಬರೆದ ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಸಾಲಾಗಿ ಓಡುವ ಕಮಾಂಡ್‌ಗಳ ಫೈಲ್, ಇತ್ತು. ಅದು ಮೇಲ್ ತಯಾರಿಸಿ, ಪೈಪ್ (ಒಂದು ಕಮಾಂಡ್ ಕೊಟ್ಟದ್ದನ್ನು ಇನ್ನೊಂದಕ್ಕೆ ದಾಟಿಸುವ ದಾರಿ) ಮೂಲಕ ನೇರವಾಗಿ ಮೇಲ್ ಕಳಿಸುವ ಎಂಎಸ್‌ಎಂಟಿಪಿ ಪ್ರೋಗ್ರಾಂಗೆ ಕೊಡುತ್ತಿತ್ತು. ಎಂಟರ್ ಒತ್ತಿದೆ. ಎರರ್ ಏನೂ ಬರಲಿಲ್ಲ. ಕೆಲಸ ಆಯಿತು ಅಂದುಕೊಂಡೆ.

ಹನ್ನೊಂದೂಕಾಲಿಗೆ ಫೋನ್ ಶುರುವಾಯಿತು. ಯಾರಿಗೂ ಮೇಲ್ ಸಿಕ್ಕಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಆ ಇನ್ನೊಂದು ಕಂಪನಿಯವರು ಕೇಳಿದರು: ನಿಮ್ಮ ಗ್ರಾಹಕರ ವಿಳಾಸಗಳನ್ನೆಲ್ಲ ನಮಗ್ಯಾಕೆ ಕಳಿಸಿದ್ದೀರಿ?

ಕಳಿಸಿದ ಮೇಲ್‌ನ ಪ್ರತಿ ತೆರೆದು ನೋಡಿದೆ. ಅದು ಹೀಗಿತ್ತು. ಮೊದಲ ಸಾಲು ಫ್ರಮ್, ಎರಡನೇದು ಟು, ಮೂರನೇದು ಸಬ್ಜೆಕ್ಟ್. ನಾಲ್ಕನೇ ಸಾಲು ಖಾಲಿ. ಐದನೇ ಸಾಲಲ್ಲಿ ಬಿಸಿಸಿ, ಅದರ ಮುಂದೆ 40 ವಿಳಾಸ. ಆಮೇಲೆ ‘ನಮಸ್ಕಾರ’ ಅಂತ ಶುರುವಾಗುವ ಪತ್ರ.

ಆ ನಾಲ್ಕನೇ ಸಾಲು ಸಿಸಿಯ ಜಾಗ. ಸ್ಕ್ರಿಪ್ಟ್‌ನಲ್ಲಿ ಸಿಸಿಗೆ ಒಂದು ವೇರಿಯಬಲ್ (ಪ್ರತಿ ಸಲ ಬೇರೆ ಮಾಹಿತಿ ತುಂಬುವ ಜಾಗ) ಇಟ್ಟಿದ್ದೆ. ಅವತ್ತು ಸಿಸಿಗೆ ಯಾರೂ ಇರಲಿಲ್ಲ, ಹಾಗಾಗಿ ವೇರಿಯಬಲ್ ಖಾಲಿ, ಅದರ ಸಾಲೂ ಖಾಲಿ. ಇಮೇಲ್‌ನಲ್ಲಿ ಮೊದಲ ಖಾಲಿ ಸಾಲು ಬಂದರೆ ಹೆಡರ್, ಅಂದರೆ ಫ್ರಮ್, ಟು, ಸಬ್ಜೆಕ್ಟ್ ಇರುವ ಮೇಲಿನ ಭಾಗ, ಅಲ್ಲಿಗೆ ಮುಗಿಯಿತು ಅಂತ ಅರ್ಥ. ಅದರ ಕೆಳಗೆ ಏನೇ ಬರೆದಿದ್ದರೂ ಅದು ಪತ್ರದ ಒಳಗಿನ ಮಾತು. ಇಂಟರ್ನೆಟ್ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ದಾಖಲೆಗಳ ಪೈಕಿ 1982ರ ಆರ್‌ಎಫ್‌ಸಿ 822ರಲ್ಲೂ ಇದೇ ನಿಯಮ, ಈಗ ನಡೆಯುತ್ತಿರುವ 2008ರ ಆರ್‌ಎಫ್‌ಸಿ 5322ರಲ್ಲೂ ಇದೇ. ಎಂಎಸ್‌ಎಂಟಿಪಿಗೆ ಟಿ ಆಯ್ಕೆ ಕೊಟ್ಟರೆ ಟು, ಸಿಸಿ, ಬಿಸಿಸಿ ಹೆಡರ್‌ಗಳಿಂದ ವಿಳಾಸ ಎತ್ತಿಕೊಳ್ಳುತ್ತದೆ, ಬಿಸಿಸಿ ಹೆಡರನ್ನು ತೆಗೆದುಹಾಕಿ ಕಳಿಸುತ್ತದೆ. ಆದರೆ ನನ್ನ ಬಿಸಿಸಿ ಹೆಡರ್‌ನಲ್ಲಿ ಇರಲೇ ಇಲ್ಲ. ಹೀಗಾಗಿ ಮೇಲ್ ಟು ವಿಳಾಸಕ್ಕೆ ಮಾತ್ರ ಹೋಯಿತು, ಮುಚ್ಚಿಡಬೇಕಾದ ಪಟ್ಟಿ ಪತ್ರದ ತಲೆಯ ಮೇಲೇ ಕೂತಿತ್ತು. ಪ್ರೋಗ್ರಾಂ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಎರರ್ ಬರೋಕೆ ಕಾರಣವೇ ಇರಲಿಲ್ಲ.

ನನಗೆ ಜಾಸ್ತಿ ಬೇಸರ ಆಗಿದ್ದು ಇದಕ್ಕೆ: ಆ ಮೇಲ್ ಕಳಿಸುವ ಮುಂಚೆ ಎಲ್ಲೂ ಒಂದು ಕ್ಷಣವೂ ನಿಂತಿರಲಿಲ್ಲ. ತಯಾರಾದದ್ದೇ ಹೊರಟುಹೋಯಿತು. ನೋಡೋಣ ಅಂದರೂ ನೋಡೋಕೆ ಏನೂ ಇರಲಿಲ್ಲ, ಯಾಕಂದ್ರೆ ಡ್ರಾಫ್ಟ್ ಅನ್ನುವುದೇ ಇರಲಿಲ್ಲ.

ಮೊದಲು ಆ ಪೈಪ್ ಕಿತ್ತುಹಾಕಿದೆ. ಈಗ ಸ್ಕ್ರಿಪ್ಟ್ ಮೇಲ್ ಕಳಿಸುವುದಿಲ್ಲ. ಡ್ರಾಫ್ಟ್ ಅನ್ನುವ ಫೋಲ್ಡರ್‌ನಲ್ಲಿ ಒಂದು ಫೈಲ್ ಬರೆದು ಸುಮ್ಮನಾಗುತ್ತದೆ. ಕಳಿಸುವುದು ಬೇರೆಯೇ ಒಂದು ಕಮಾಂಡ್, ಅದನ್ನು ನಾನೇ ಕೈಯಾರೆ ಟೈಪ್ ಮಾಡಬೇಕು. ಫೈಲ್ ಆದ ಕೂಡಲೇ ಕಮಾಂಡ್ ಲೈನ್‌ನಲ್ಲಿರುವ ಎಲ್ಲ ಸಾಮಾನೂ ಕೆಲಸಕ್ಕೆ ಬರುತ್ತದೆ, ಅಲ್ವಾ? ಫೈಲನ್ನು ಸಾಲು ಸಾಲಾಗಿ ಓದುವ ಸೆಡ್ ಕಮಾಂಡ್‌ಗೆ ‘ಮೊದಲ ಖಾಲಿ ಸಾಲು ಸಿಕ್ಕಿದ ಕಡೆ ನಿಲ್ಲು’ ಅಂದರೆ ಹೆಡರ್ ಮಾತ್ರ ಪರದೆಗೆ ಬರುತ್ತದೆ. ಮೇಲ್ ಸರ್ವರ್ ಯಾವುದನ್ನು ಹೆಡರ್ ಅಂತ ಓದುತ್ತದೋ ಅದೇ ನನಗೂ ಕಾಣುತ್ತದೆ. ಅವತ್ತು ಇದೊಂದನ್ನು ಮಾಡಿದ್ದರೆ ಮೂರೇ ಸಾಲು ಬರುತ್ತಿದ್ದವು, ಬಿಸಿಸಿ ಎಲ್ಲಿ ಅಂತ ಅಲ್ಲೇ ಕೇಳಿಕೊಳ್ಳುತ್ತಿದ್ದೆ.

ಆಮೇಲೆ ಫೈಲ್‌ನಲ್ಲಿ ಬೇಕಾದ ಪದ ಹುಡುಕುವ ಗ್ರೆಪ್ ಕಮಾಂಡ್. ಟೆಂಪ್ಲೇಟ್‌ನಲ್ಲಿ ತುಂಬಬೇಕಾದ ಜಾಗಗಳನ್ನು ಜೋಡಿ ಪುಷ್ಪಾವರಣದಲ್ಲಿ ಬರೆಯುತ್ತೇನೆ. ಡ್ರಾಫ್ಟ್‌ನಲ್ಲಿ ಅಂಥ ಆವರಣ ಒಂದು ಉಳಿದಿದ್ದರೂ ಕಳಿಸುವ ಕಮಾಂಡ್ ನಿಂತುಬಿಡುತ್ತದೆ. ಈ ಯೋಚನೆ ಬಂದದ್ದು ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಿಂದ. ಪ್ಯಾಚ್‌ಗಳ (ಕೋಡ್ ಬದಲಾವಣೆಗಳ) ಜೊತೆ ಕಳಿಸುವ ಕವರ್ ಲೆಟರ್‌ನಲ್ಲಿ ‘ಸಬ್ಜೆಕ್ಟ್ ಹಿಯರ್’ ಅಂತ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಅದನ್ನು ಬದಲಾಯಿಸದೆ ಬಿಟ್ಟರೆ ಗಿಟ್‌ನ ಸೆಂಡ್-ಇಮೇಲ್ ಕಳಿಸೋಕೆ ಒಪ್ಪುವುದಿಲ್ಲ. ಅದರಲ್ಲಿ ಡ್ರೈ-ರನ್ ಆಯ್ಕೆಯೂ ಇದೆ: ಯಾರಿಗೆ ಹೋಗುತ್ತದೆ ಅನ್ನುವುದನ್ನೆಲ್ಲ ತೋರಿಸುತ್ತದೆ, ಕಳಿಸುವುದಿಲ್ಲ.

ಒಬ್ಬರಿಗೆ ಕೈಯಲ್ಲೇ ಬರೆಯುವ ಮೇಲ್‌ಗೆ ಟರ್ಮಿನಲ್‌ನಲ್ಲೇ ಓಡುವ ಮಟ್ ಅನ್ನುವ ಮೇಲ್ ಪ್ರೋಗ್ರಾಂ ಸಾಕು. ದೊಡ್ಡ ಎಚ್ ಆಯ್ಕೆ ಕೊಟ್ಟು ಡ್ರಾಫ್ಟ್ ಫೈಲ್ ಹೆಸರು ಹೇಳಿದರೆ ಹೆಡರ್ ಸಮೇತ ಓದಿಕೊಳ್ಳುತ್ತದೆ. ಎಡಿಟರ್ ಮುಚ್ಚಿದ ಮೇಲೂ ಮೇಲ್ ಹೋಗುವುದಿಲ್ಲ, ಕಂಪೋಸ್ ಪರದೆ ಬರುತ್ತದೆ. ಅಲ್ಲಿ ವೈ ಒತ್ತಿದರೆ ಹೋಗುತ್ತದೆ, ದೊಡ್ಡ ಪಿ ಒತ್ತಿದರೆ ಪೋಸ್ಟ್‌ಪೋನ್ ಆಗಿ ಉಳಿಯುತ್ತದೆ. ಮತ್ತೆ ಬೇಕಾದಾಗ ಚಿಕ್ಕ ಪಿ ಆಯ್ಕೆಯಿಂದ ಮಟ್ ತೆರೆದರೆ ಸಾಕು. ಆ ಪರದೆ ನನಗೆ ತುಂಬಾ ಇಷ್ಟ. ಟು, ಸಿಸಿ, ಬಿಸಿಸಿ, ಸಬ್ಜೆಕ್ಟ್, ಅಟ್ಯಾಚ್‌ಮೆಂಟ್ ಎಲ್ಲ ಒಂದೇ ಕಡೆ ಕಾಣುತ್ತವೆ. ಒಂದು ಎಚ್ಚರಿಕೆ: ಅದೇ ಮಟ್‌ಗೆ ಸ್ಕ್ರಿಪ್ಟ್ ಒಳಗಿಂದ ಇನ್‌ಪುಟ್ ಕೊಟ್ಟು ಓಡಿಸಿದರೆ ಆ ಪರದೆ ಬರುವುದಿಲ್ಲ, ನೇರವಾಗಿ ಕಳಿಸಿಬಿಡುತ್ತದೆ.

ಕನ್ನಡದಲ್ಲಿ ಸಬ್ಜೆಕ್ಟ್ ಬರೆಯುವವರು ಇನ್ನೊಂದು ವಿಷಯ ಗಮನಿಸಬೇಕು. ಕೈಯಲ್ಲಿ ಬರೆದ ಡ್ರಾಫ್ಟ್ ಫೈಲನ್ನು ಹಾಗೇ ಎಂಎಸ್‌ಎಂಟಿಪಿಗೆ ಕೊಟ್ಟರೆ ಸಬ್ಜೆಕ್ಟ್ ಕೆಲವರ ಕಡೆ ಕಲಸಿದ ಅಕ್ಷರವಾಗಿ ಬರಬಹುದು. ಹೆಡರ್‌ನಲ್ಲಿ ಇಂಗ್ಲಿಷ್ ಅಲ್ಲದ ಅಕ್ಷರ ಇದ್ದರೆ ಅದನ್ನು ಆರ್‌ಎಫ್‌ಸಿ 2047 ಹೇಳುವ ರೀತಿ ಎನ್‌ಕೋಡ್ ಮಾಡಬೇಕು. ಅಂಥ ಒಂದು ತುಂಡು 75 ಅಕ್ಷರ ಮೀರಬಾರದು. ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡ್‌ಗೆ 3 ಬೈಟ್ ಬೇಕು. ಬೈಟ್‌ಗಳನ್ನು ಸಾದಾ ಇಂಗ್ಲಿಷ್ ಅಕ್ಷರ, ಅಂಕಿಗಳಾಗಿ ಬರೆಯುವ ಬೇಸ್64 ಲೆಕ್ಕ ಹಾಕಿದರೆ ಒಂದು ತುಂಡಿನಲ್ಲಿ ಹಿಡಿಸುವುದು 15 ಕೋಡ್ ಮಾತ್ರ. ಒತ್ತಕ್ಷರ, ಸ್ವರಚಿಹ್ನೆ ಎಲ್ಲ ಬೇರೆ ಬೇರೆ ಕೋಡ್ ಆದ್ದರಿಂದ ‘ಸರ್ವರ್ ದುರಸ್ತಿ’ ಅನ್ನುವಷ್ಟಕ್ಕೇ ಅದು ಹೆಚ್ಚು ಕಡಿಮೆ ತುಂಬಿಹೋಗುತ್ತದೆ. ಇದನ್ನು ಕೈಯಲ್ಲಿ ಮಾಡೋಕೆ ಹೋಗಬೇಡಿ. ಮಟ್ ತಾನೇ ಮಾಡುತ್ತದೆ, ಪೈಥಾನ್‌ನ ಇಮೇಲ್ ಲೈಬ್ರರಿಯೂ ಮಾಡುತ್ತದೆ.

ಗುಂಪು ಮೇಲ್‌ಗೆ ಈಗ ಹತ್ತು ನಿಮಿಷದ ಅಂತರವನ್ನೂ ಇಟ್ಟಿದ್ದೇನೆ. ಕಳಿಸುವ ಕಮಾಂಡನ್ನು, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ‘ಅಟ್’ಗೆ ಕೊಟ್ಟು, ಹತ್ತು ನಿಮಿಷ ಬಿಟ್ಟು ಓಡಿಸು ಅನ್ನುತ್ತೇನೆ. ಆ ಹೊತ್ತಿನಲ್ಲಿ ತಪ್ಪು ಹೊಳೆದರೆ ‘ಅಟ್‌ಆರ್‌ಎಂ’ನಿಂದ ತೆಗೆದುಹಾಕಬಹುದು. ತಂಡದಲ್ಲಿ ಕೆಲವರಿಗೆ ಇದು ನಿಧಾನ ಅನ್ನಿಸಿತು. ನಾನು ಬಿಟ್ಟುಕೊಡಲಿಲ್ಲ. ಹತ್ತು ನಿಮಿಷಕ್ಕೆ ಹಳಸುವಂಥ ಮೇಲ್ ಅಪರೂಪ.

ಈ ಹೊಸ ದಾರಿಯಲ್ಲಿ ಮೊದಲು ಹೋದದ್ದು ಆ 40 ಗ್ರಾಹಕರಿಗೆ ಕ್ಷಮೆ ಕೇಳಿದ ಮೇಲ್. ಬಿಸಿಸಿ ಹಾಕಲಿಲ್ಲ. ಒಬ್ಬೊಬ್ಬರಿಗೂ ಬೇರೆ ಫೈಲ್, ಒಟ್ಟು 40 ಡ್ರಾಫ್ಟ್. ನಿಮ್ಮ ವಿಳಾಸ ಯಾರ ಕೈಗೆ ಹೋಗಿದೆ, ಅದನ್ನು ಅಳಿಸಿದ್ದೇವೆ ಅಂತ ಆ ಕಂಪನಿಯವರು ಬರೆದು ತಿಳಿಸಿದ್ದಾರೆ ಅನ್ನುವುದನ್ನೂ ಅದರಲ್ಲಿ ಹೇಳಿದ್ದೆ. ಕಳಿಸುವ ಮುಂಚೆ ಒಂದು ಲೂಪ್ ಹಾಕಿ ಪ್ರತಿ ಫೈಲ್‌ನ ಹೆಡರ್‌ನಲ್ಲಿ ಟು ಸಾಲು ಒಂದೇ ಇದೆಯಾ, ಅದರಲ್ಲಿ ಒಂದೇ ವಿಳಾಸ ಇದೆಯಾ ಅಂತ ಎಣಿಸಿದೆ. ಆಮೇಲೆ ನಲವತ್ತನ್ನೂ ಒಂದೊಂದಾಗಿ ತೆರೆದು ಓದಿದೆ.