ಬಾಯಿಗೆ ಬಂದದ್ದೆಲ್ಲ ಹೊಟ್ಟೆಗಲ್ಲ: ಮೀನು, ಪ್ಲಾಸ್ಟಿಕ್, ನನ್ನ ಟ್ಯಾಂಕ್

ಪ್ಲಾಸ್ಟಿಕ್ಕನ್ನು ಆಹಾರ ಅಂದುಕೊಂಡು ಮೀನು ತಿನ್ನುತ್ತದೆ ಅನ್ನುವ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಮನೆಯಲ್ಲಿ ಟ್ಯಾಂಕ್ ಇಟ್ಟವರಿಗೆ ಇದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಗೋಲ್ಡ್‌ಫಿಶ್ ದಿನವಿಡೀ ತಳದ ಜಲ್ಲಿಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ, ಉಗುಳುತ್ತದೆ. ಕಲ್ಲು ಉಗುಳಲು ಗೊತ್ತಿರುವ ಮೀನಿಗೆ ಪ್ಲಾಸ್ಟಿಕ್ ಉಗುಳಲು ಗೊತ್ತಿರುವುದಿಲ್ವಾ? ಹಾಗಿದ್ದರೆ ಕೆರೆ, ಹೊಳೆ ಮೀನುಗಳ ಹೊಟ್ಟೆಯಲ್ಲಿ ಅದು ಸಿಗುವುದು ಹೇಗೆ?

ಈ ವರ್ಷದ ಕೆಲಸ ಇದೇ. ಒಂದು ಕಡೆ ಮನೆಯ ಟ್ಯಾಂಕಿನಲ್ಲಿ ಮೀನಿನ ಬಾಯಿ ನೋಡುವುದು. ಇನ್ನೊಂದು ಕಡೆ ಮೈಸೂರಿನ ಮೀನಂಗಡಿಯಿಂದ ಕರುಳು ತಂದು ಒಳಗೇನಿದೆ ನೋಡುವುದು. ಇಲ್ಲಿಯವರೆಗೆ ಆಗಿರುವಷ್ಟನ್ನು ಬರೆದಿಡುತ್ತಿದ್ದೇನೆ.

ಫೆಬ್ರವರಿ

ಮೊದಲು ಒಂದು ನಿಯಮ ಹಾಕಿಕೊಂಡೆ. ಮೀನು ನುಂಗಬಹುದಾದ ಯಾವ ಪ್ಲಾಸ್ಟಿಕ್ಕೂ ಟ್ಯಾಂಕಿಗೆ ಬೀಳಬಾರದು. ಬಾಯಿಗೆ ಹಿಡಿಯಬೇಕು, ಗಂಟಲಿಗೆ ಇಳಿಯಬಾರದು, ಅಂಥ ಗಾತ್ರ ಬೇಕು. ಬಾಟಲಿ ಮುಚ್ಚಳವನ್ನು ಕತ್ತರಿಸಿ, ಅಂಚನ್ನು ಮರಳುಕಾಗದದಲ್ಲಿ ಉಜ್ಜಿ ದುಂಡಗೆ ಮಾಡಿ, ಪುಡಿಯೆಲ್ಲ ಹೋಗುವ ತನಕ ಹೊರಗಡೆ ತೊಳೆದೆ. ಮುಚ್ಚಳದ ಪ್ಲಾಸ್ಟಿಕ್ ನೀರಿಗಿಂತ ಹಗುರ, ತೇಲುತ್ತದೆ. ನೀರಿನ ಬಾಟಲಿಯ ಗೋಡೆ ಪೆಟ್ ಪ್ಲಾಸ್ಟಿಕ್, ನೀರಿಗಿಂತ ಭಾರ, ಮುಳುಗುತ್ತದೆ. ಹಾಗಾಗಿ ಅದರದ್ದೂ ಕೆಲವು ಚೂರು. ಹಾಲಿನ ಪ್ಯಾಕೆಟ್ಟಿನ ಹಾಳೆ ಬೇಡವೆಂದೆ. ಅದು ಮಡಚಿಕೊಂಡರೆ ಒಳಗೆ ಜಾರಿಬಿಡಬಹುದು.

ಫೋನನ್ನು ಗಾಜಿಗೆ ಆನಿಸಿ ಸ್ಲೋ ಮೋಷನ್‌ನಲ್ಲಿ ರೆಕಾರ್ಡ್ ಮಾಡುವುದು, ನೋಡುವುದು, ಚೂರುಗಳನ್ನು ಎಣಿಸಿ ವಾಪಸ್ ತೆಗೆಯುವುದು. ಅಷ್ಟೇ ಕೆಲಸ. ಮನೆಯವರಿಗೆ ಸಾಕಾಗಿ ಹೋಗಿದೆ.

ಮಾರ್ಚ್

ವಿಡಿಯೋದಲ್ಲಿ ಕಾಣುವುದು ಹೀಗೆ. ಚೂರು ಮೂತಿಯ ಹತ್ತಿರ ಬಂದ ಕೂಡಲೇ ಮೀನು ಬಾಯಿ ತೆರೆದು ನೀರಿನ ಸಮೇತ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಕಿವಿರಿನ ಮುಚ್ಚಳ ಒಮ್ಮೆ ಅಗಲವಾಗಿ ತೆರೆದು ನೀರು ಹಿಂದಿನಿಂದ ಹೊರಗೆ ಹೋಗುತ್ತದೆ. ಆಮೇಲೆ ದವಡೆ ಆಡುತ್ತದೆ, ಗಂಟಲ ಕೆಳಗಿನ ಚರ್ಮ ಉಬ್ಬಿ ಇಳಿಯುತ್ತದೆ. ಮತ್ತೆ ಬಾಯಿ ಮುಂದಕ್ಕೆ ಚಾಚಿ, ಫು ಅಂತ ಚೂರನ್ನು ಆಚೆ ಹಾಕುತ್ತದೆ. ಬರಿಗಣ್ಣಿಗೆ ಇದು ಒಂದೇ ಕ್ಷಣದ ಆಟ. ನಿಧಾನ ಮಾಡಿದರೆ ಮಾತ್ರ ಒಳಗೊಂದು ತಪಾಸಣೆ ನಡೆಯುವುದು ಗೊತ್ತಾಗುತ್ತದೆ.

ಈ ತಪಾಸಣೆ ಮಾಡುವ ಅಂಗ ಗೋಲ್ಡ್‌ಫಿಶ್, ಗೆಂಡೆ ಜಾತಿಯ ಮೀನುಗಳಲ್ಲಿ ಬಹಳ ಚೆನ್ನಾಗಿ ಬೆಳೆದಿದೆ. ಅವುಗಳ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ. ಬಾಯಿಯ ಮೇಲ್ಭಾಗದಲ್ಲಿ ಮಾಂಸಖಂಡದ ದಪ್ಪ ಮೆತ್ತೆಯೊಂದಿದೆ, ಅದರ ತುಂಬ ರುಚಿಮೊಗ್ಗು. ಬಾಯಿಗೆ ಬಂದದ್ದನ್ನು ಮೆತ್ತೆ ಮತ್ತು ಕೆಳಗಿನ ಹಾಸಿನ ನಡುವೆ ಒತ್ತಿ ಹಿಡಿದು, ರುಚಿ ಇದ್ದದ್ದನ್ನು ಉಳಿಸಿಕೊಂಡು ಮಣ್ಣು, ಕಲ್ಲನ್ನು ನೀರಿನಲ್ಲಿ ತೊಳೆದು ಕಳಿಸುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಆದರೆ ಮೊರ ಬಾಯೊಳಗೇ ಇದೆ. ಇದಕ್ಕಾಗಿಯೇ ಈ ಮೀನಿನ ಮೆದುಳಿನಲ್ಲಿ ವೇಗಲ್ ಲೋಬ್ ಅನ್ನುವ ದೊಡ್ಡ ಉಬ್ಬು ಇದೆ. ಗೋಲ್ಡ್‌ಫಿಶ್‌ಗೆ ಮೂರು ಸೆಕೆಂಡಿನ ನೆನಪು ಅಂತ ತಮಾಷೆ ಮಾಡುವವರು ಅದರ ಬಾಯಿಯ ಬುದ್ಧಿಯನ್ನೂ ಸ್ವಲ್ಪ ನೋಡಬೇಕು.

ಬಣ್ಣದ ವಿಷಯಕ್ಕೆ ಬರೋಣ. ನಮ್ಮ ಮನೆಯ ಫೀಡ್ ಇಟ್ಟಿಗೆ ಕೆಂಪು. ಅದೇ ಬಣ್ಣದ ಮುಚ್ಚಳದ ಚೂರಿಗೆ ಮೀನು ನುಗ್ಗಿ ಬರುತ್ತದೆ, ನೀಲಿಯದ್ದನ್ನು ಮೂಸಿ ಬಿಡುತ್ತದೆ. ಅಂದರೆ ಕಣ್ಣು ಮೋಸ ಹೋಗುವುದು ನಿಜ. ಆದರೆ ಬಾಯಿ ಮೋಸ ಹೋಗುವುದಿಲ್ಲ, ಕೆಂಪು ಚೂರೂ ಹೊರಗೇ ಬೀಳುತ್ತದೆ. ಹಸಿದಾಗ ಎಲ್ಲ ಬಣ್ಣಕ್ಕೂ ಬಾಯಿ ಹಾಕುತ್ತದೆ, ಹೊಟ್ಟೆ ತುಂಬಿದಾಗ ಕೆಂಪಿಗೂ ಹೋಗುವುದಿಲ್ಲ. ಫೀಡ್ ಜೊತೆ ಚೂರು ಬೆರೆಸಿ ಹಾಕಿದರೆ ಆತುರದಲ್ಲಿ ಎರಡನ್ನೂ ಒಟ್ಟಿಗೆ ಎಳೆದುಕೊಳ್ಳುತ್ತದೆ. ಆಗ ಉಗುಳಲು ಜಾಸ್ತಿ ಹೊತ್ತು ಬೇಕು.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ ಅನ್ನಿಸಿತು. ಕೆಲವು ಚೂರುಗಳನ್ನು ತಾರಸಿಯ ಬಕೆಟ್ ನೀರಿನಲ್ಲಿ ಬಿಸಿಲಿಗೆ ಬಿಟ್ಟಿದ್ದೆ. ಅವು ಲೋಳೆಗಟ್ಟಿ, ಹಸಿರಾಗಿ, ಮುಟ್ಟಿದರೆ ಜಾರುತ್ತಿದ್ದವು. ಹೊಸ ಚೂರನ್ನು ಉಗುಳಿ ಸುಮ್ಮನಾಗುವ ಮೀನು, ಪಾಚಿ ಹಿಡಿದದ್ದನ್ನು ಬಾಯಲ್ಲಿ ಹೆಚ್ಚು ಹೊತ್ತು ಇಟ್ಟುಕೊಂಡಿತು, ಉಗುಳಿ ಮತ್ತೆ ಹಿಡಿಯಿತು, ಮೇಲಿನ ಲೋಳೆ ಕೆರೆಯಿತು. ಕೆರೆಯಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಯಾವುದೂ ಅಂಗಡಿಯಿಂದ ತಂದಷ್ಟು ಹೊಸದಾಗಿ ಇರುವುದಿಲ್ಲ ಅಲ್ವಾ? ಅದರ ಮೇಲೆ ಬೆಳೆದಿರುವ ಪಾಚಿ ನಿಜವಾದ ಊಟವೇ. ಮೀನು ಅಲ್ಲಿ ತಪ್ಪು ತಿಳಿದಿದೆ ಅಂತ ನಾನಂತೂ ಹೇಳಲಾರೆ.

ಉಗುಳುವುದಕ್ಕೂ ಬೆಲೆ ಇದೆ. 2018ರಲ್ಲಿ ಪ್ರಕಟವಾದ ಚೀನಾದ ಒಂದು ಅಧ್ಯಯನದಲ್ಲಿ ಗೋಲ್ಡ್‌ಫಿಶ್‌ಗಳಿಗೆ 6 ವಾರ ಎಳೆ, ಚೂರು, ಗುಳಿಗೆ ಹೀಗೆ ಮೂರು ರೂಪದ ಪ್ಲಾಸ್ಟಿಕ್ ಕೊಟ್ಟಿದ್ದರು. ಚೂರು, ಗುಳಿಗೆಗಳನ್ನು ಮೀನು ಅಗಿದು ಉಗುಳಿತು, ಆದರೆ ದವಡೆಗೆ ಗಾಯವಾಯಿತು. ಎಳೆ ಮಾತ್ರ ಕಿವಿರಿನಲ್ಲಿ, ಕರುಳಿನಲ್ಲಿ, ಹಿಕ್ಕೆಯಲ್ಲಿ ಸಿಕ್ಕಿತು. ಇದನ್ನು ಓದಿದ ಮೇಲೆ ಚೂರಿನ ಆಟ ನಿಲ್ಲಿಸಿ ಎಳೆಯ ಕಡೆ ತಿರುಗಿದೆ.

ಏಪ್ರಿಲ್

ಎಳೆಯನ್ನು ಮೀನು ನುಂಗಿಬಿಡುತ್ತದೆ, ಆದ್ದರಿಂದ ನೈಲಾನ್, ಪಾಲಿಯೆಸ್ಟರ್ ಹಾಕುವ ಪ್ರಶ್ನೆಯೇ ಇಲ್ಲ. ಹತ್ತಿಯ ಕೆಂಪು ದಾರ ತಂದು, ಬಣ್ಣ ಬಿಡುವುದು ನಿಲ್ಲುವ ತನಕ ಕುದಿಸಿ, ಒಂದೆರಡು ಮಿಲಿಮೀಟರಿನಷ್ಟು ಚಿಕ್ಕದಾಗಿ ಕತ್ತರಿಸಿ, ಬಿಡಿಸಿ ಎಳೆ ಮಾಡಿಕೊಂಡೆ.

ಬರೀ ಎಳೆಯನ್ನು ನೀರಿಗೆ ಬಿಟ್ಟರೆ ಮೀನು ಅದರ ಹಿಂದೆ ಹೋಗುವುದೇ ಇಲ್ಲ. ಸಿಕ್ಕಿದ್ದನ್ನು ಬಹಳಷ್ಟು ಸಲ ಉಗುಳುತ್ತದೆ. ಫೀಡ್ ನೆನೆಸಿ, ಎಳೆ ಸೇರಿಸಿ ಉಂಡೆ ಕಟ್ಟಿದರೆ ಕಥೆಯೇ ಬೇರೆ. ಉಂಡೆ ಪೂರ್ತಿ ಒಳಗೆ. ಮಾರನೆಯ ದಿನ ಹಿಕ್ಕೆಯನ್ನು ಪಿಪೆಟ್ಟಿನಲ್ಲಿ ಎತ್ತಿ ಬಿಳಿ ತಟ್ಟೆಗೆ ಹಾಕಿ ಸೂಜಿಯಿಂದ ಬಿಡಿಸಿದರೆ, ಕಂದು ಮೆತ್ತೆಯೊಳಗೆ ಕೆಂಪು ಎಳೆಗಳು ಉದ್ದುದ್ದಕ್ಕೆ ಮಲಗಿರುತ್ತವೆ. ಕೆಲವು ಒಂದಕ್ಕೊಂದು ಹೆಣೆದುಕೊಂಡು ಸಣ್ಣ ಗಂಟಾಗಿರುತ್ತವೆ.

ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯದವರು ಗೋಲ್ಡ್‌ಫಿಶ್‌ಗೆ ಪ್ಲಾಸ್ಟಿಕ್ ಮಣಿ ಮತ್ತು ಎಳೆ ತಿನ್ನಿಸಿ ಲೆಕ್ಕ ಹಾಕಿದ್ದಾರೆ. 2017ರ ಅವರ ಪ್ರಬಂಧದ ಪ್ರಕಾರ ಅರ್ಧದಷ್ಟು ಸುಮಾರು 10 ಗಂಟೆಯಲ್ಲಿ, 90 ಶೇಕಡ ಸುಮಾರು 33 ಗಂಟೆಯಲ್ಲಿ ಹೊರಗೆ ಹೋಗುತ್ತದೆ. ಉಳಿದ ಆಹಾರ ಹೋಗುವ ವೇಗವೂ ಅದೇ. ನನ್ನ ಕೆಂಪು ಎಳೆಗಳೂ ಹೆಚ್ಚುಕಡಿಮೆ ಹಾಗೇ ಹೋದವು. ಮೀನಿನ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿತು ಅನ್ನುವ ಸುದ್ದಿಯನ್ನು ಓದುವಾಗ ಇದು ನೆನಪಿರಲಿ. ಅದು ಆ ಮೀನು ಒಂದೆರಡು ದಿನದಲ್ಲಿ ತಿಂದದ್ದರ ಲೆಕ್ಕ. ಜೀವಮಾನದಲ್ಲಿ ತಿಂದದ್ದೆಲ್ಲ ಅಲ್ಲಿ ಕೂಡಿಟ್ಟಿರುವುದಿಲ್ಲ.

ತಿನ್ನದೆಯೂ ಎಳೆ ಒಳಗೆ ಹೋಗುವ ದಾರಿ ಒಂದಿದೆ: ಉಸಿರು. ಮೀನು ಬಾಯಿಂದ ನೀರು ಎಳೆದು ಕಿವಿರಿನಿಂದ ಬಿಡುತ್ತದಲ್ಲ, ಆ ನೀರಿನ ಜೊತೆ ಎಳೆಯೂ ಬರುತ್ತದೆ. ಚೀನಾದಲ್ಲೇ ನಡೆದ 2021ರ ಮತ್ತೊಂದು ಅಧ್ಯಯನ ಇದನ್ನು ತೋರಿಸಿತು. ಮೀನುಗಳು ಎಳೆಯನ್ನು ಬೇಟೆಯಾಡುವುದಿಲ್ಲ, ಅದು ಉಸಿರಿನ ನೀರಿನಲ್ಲಿ ತಾನಾಗಿ ಒಳಗೆ ಬರುತ್ತದೆ. ಆಮೇಲೆ ಮೀನು ಕೆಮ್ಮಿ, ಲೋಳೆಯಲ್ಲಿ ಸುತ್ತಿ ಅದನ್ನು ಆಚೆ ಹಾಕುತ್ತದೆ. ಆ ಕೆಮ್ಮನ್ನು ನಾನು ವಿಡಿಯೋದಲ್ಲಿ ಹುಡುಕಿದೆ. ಸಿಗುತ್ತದೆ! ಫೀಡ್ ಇಲ್ಲದ ಹೊತ್ತಿನಲ್ಲಿ, ಸುಮ್ನೆ ನಿಂತ ಮೀನು ಥಟ್ಟನೆ ಬಾಯಿ ಅಗಲಿಸಿ ನೀರನ್ನು ಮುಂದಕ್ಕೆ ದೂಡುತ್ತದೆ. ಇಷ್ಟು ವರ್ಷ ಅದನ್ನು ಆಕಳಿಕೆ ಅಂತ ಮಕ್ಕಳಿಗೆ ತೋರಿಸುತ್ತಿದ್ದೆವು.

ಮೇ

ಕರುಳಿನ ಕೆಲಸಕ್ಕೆ ಬಿಸಿಲು ಬೇಕಿತ್ತು, ಅದಕ್ಕೇ ಮೇ ತಿಂಗಳು.

ಅಂಗಡಿಯಲ್ಲಿ ಕಾಟ್ಲಾ, ರೋಹು ಬಹಳಷ್ಟು ಆಂಧ್ರದ ಕೊಳಗಳಿಂದ ಬರುತ್ತವೆ. ನನಗೆ ಬೇಕಾದದ್ದು ಇಲ್ಲಿಯ ನೀರಿನ ಮೀನು. ಹಾಗಾಗಿ ಹಿನ್ನೀರಿನಿಂದ ಬಂದ ಜಿಲೇಬಿ ಮೀನನ್ನೇ (ತಿಲಾಪಿಯಾ) ಕೇಳಿ ತೆಗೆದುಕೊಂಡೆ. ಸ್ಟೀಲ್ ಡಬ್ಬಿ ಮುಂದೆ ಹಿಡಿದು "ಕರುಳೂ ಇದಕ್ಕೆ ಹಾಕಿಬಿಡಿ" ಅಂದೆ. ಮೀನು ಕೊಯ್ಯುವ ಅಣ್ಣ ಒಂದು ಸಲ ನನ್ನನ್ನು, ಒಂದು ಸಲ ಡಬ್ಬಿಯನ್ನು ನೋಡಿ, "ಬೆಕ್ಕಿಗಾ ಸಾರ್?" ಅಂದರು. ವಿಷಯ ಹೇಳಿದೆ. "ಹಂಗಾದ್ರೆ ತಿನ್ನಬಹುದಾ ಬೇಡ್ವಾ, ಅದನ್ನ ಹೇಳಿ ಮೊದ್ಲು" ಅಂದರು. ಕರುಳು ತೆಗೆದೇ ತಿನ್ನುವುದರಿಂದ ಎಳೆಯ ದೊಡ್ಡ ಪಾಲು ಅಲ್ಲೇ ಹೋಗುತ್ತದೆ ಅಂದೆ. ತೀರಾ ಸಣ್ಣ ಕಣಗಳ ಮಾತು ಬೇರೆ. 2016ರ ಒಂದು ಪ್ರಯೋಗದಲ್ಲಿ ಜೀಬ್ರಾಫಿಶ್‌ನಲ್ಲಿ 20 ಮೈಕ್ರಾನಿನ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಪ್ಲಾಸ್ಟಿಕ್ ಮಣಿಗಳು ಕಿವಿರು, ಕರುಳಿನಲ್ಲೇ ನಿಂತರೆ, 5 ಮೈಕ್ರಾನಿನವು ಪಿತ್ತಜನಕಾಂಗಕ್ಕೂ ಹೋಗಿದ್ದವು. ಗಿರಾಕಿಗಳು ನಿಂತಿದ್ದರು, ಆ ಭಾಗವನ್ನು ಅಂಗಡಿಯಲ್ಲಿ ಹೇಳಲಿಲ್ಲ.

ಜಿಲೇಬಿಯ ಕರುಳು ಬಿಡಿಸಿದರೆ ಮೀನಿನ ಉದ್ದಕ್ಕಿಂತ ಎಷ್ಟೋ ಪಟ್ಟು ಉದ್ದ ಬರುತ್ತದೆ. ಪಾಚಿ, ಕೆಸರಿನ ಮೇಲಿನ ಮೆತ್ತೆ ತಿನ್ನುವ ಮೀನಿಗೆ ಅಷ್ಟು ಬೇಕು. ಅದನ್ನು ಗಾಜಿನ ಜಾಡಿಯಲ್ಲಿ ಹಾಕಿ, 10 ಶೇಕಡ ಕಾಸ್ಟಿಕ್ ಪೊಟ್ಯಾಶ್ ದ್ರಾವಣ ಸುರಿದು, ಮುಚ್ಚಿ ಬಿಸಿಲಿಗಿಟ್ಟೆ. ಕೈಗವಸು, ಕನ್ನಡಕ ಇಲ್ಲದೆ ಇದನ್ನು ಮುಟ್ಟಬೇಡಿ, ಚರ್ಮವನ್ನೂ ಕರಗಿಸುತ್ತದೆ. ಒಲೆಯ ಮೇಲೆ ಕುದಿಸುವ ಆಸೆಯೂ ಬೇಡ. ಬಿಸಿ ಜಾಸ್ತಿಯಾದರೆ ನಾವು ಹುಡುಕುವ ಪಾಲಿಯೆಸ್ಟರ್ ಎಳೆಯೇ ಹಾಳಾಗುತ್ತದೆ. ಸುಮಾರು 40 ಡಿಗ್ರಿ ಸಾಕು. ಮಾಂಸ ಕರಗಿ ಕಂದು ನೀರಾಗುತ್ತದೆ. ಮರಳು ಮತ್ತು ಪಾಚಿಯ ನಾರು ಕರಗದೆ ಉಳಿಯುತ್ತವೆ. ನುಣ್ಣನೆಯ ಸ್ಟೀಲ್ ಜಾಲರಿಯಲ್ಲಿ ಸೋಸಿ ತೊಳೆದು, ಉಳಿದದ್ದಕ್ಕೆ ಇನ್ನು ಕರಗದು ಅನ್ನುವಷ್ಟು ಉಪ್ಪು ಹಾಕಿದ ನೀರು ಹಾಕಿದೆ. ಪಾಲಿಥೀನ್, ನೈಲಾನ್ ಮೇಲೆ ಬರುತ್ತವೆ. ಪಾಲಿಯೆಸ್ಟರ್ ಉಪ್ಪುನೀರಿಗಿಂತಲೂ ಭಾರ, ಕೆಳಗೇ ಇರುತ್ತದೆ. ಆದ್ದರಿಂದ ತಳದ ಗಸಿಯನ್ನೂ ನೋಡಲೇಬೇಕು.

ಪಕ್ಕದಲ್ಲಿ ಯಾವಾಗಲೂ ಖಾಲಿ ತಟ್ಟೆಯೊಂದು ಇರುತ್ತದೆ. ಅದರಲ್ಲಿ ಬರೀ ಸೋಸಿದ ನೀರು. ಗಾಳಿಯಲ್ಲಿ, ನಮ್ಮ ಬಟ್ಟೆಯಲ್ಲಿ ಎಳೆ ಎಷ್ಟಿದೆ ಅನ್ನುವುದನ್ನು ಈ ತಟ್ಟೆ ಹೇಳುತ್ತದೆ. ಫ್ಯಾನ್ ಬಂದ್, ಮೈಮೇಲೆ ಹತ್ತಿಯ ಬಿಳಿ ಪಂಚೆ, ಬನಿಯನ್. ಆದರೂ ಅದರಲ್ಲಿ ಎಳೆ ಬೀಳುತ್ತದೆ! ಅಷ್ಟನ್ನು ಕಳೆದು ಉಳಿದದ್ದಷ್ಟೇ ಮೀನಿನ ಲೆಕ್ಕ.

ಕಡೆಯ ಪರೀಕ್ಷೆ ಬಿಸಿ ಸೂಜಿ. ಯುಎಸ್‌ಬಿ ಮೈಕ್ರೋಸ್ಕೋಪಿನ ಕೆಳಗೆ ಒಂದು ನೀಲಿ ಎಳೆ, ಎಲ್ಲ ಕಡೆ ಒಂದೇ ದಪ್ಪ, ಎಲ್ಲೂ ಗೆಣ್ಣಿಲ್ಲ. ಕಾದ ಸೂಜಿಯ ತುದಿ ಹತ್ತಿರ ತಂದೆ. ಮುಟ್ಟುವ ಮೊದಲೇ ಎಳೆ ಮುದುಡಿತು, ತುದಿಯಲ್ಲಿ ಹೊಳೆಯುವ ಪುಟ್ಟ ಗುಂಡು ಕಟ್ಟಿತು. ಪಕ್ಕದಲ್ಲಿದ್ದ ಹಸಿರು ನಾರು ಅದೇ ಸೂಜಿಗೆ ಸುಟ್ಟು ಕಪ್ಪಾಯಿತೇ ಹೊರತು ಕರಗಲಿಲ್ಲ. ಮೊದಲನೆಯದು ಪ್ಲಾಸ್ಟಿಕ್, ಎರಡನೆಯದು ಪಾಚಿ ಅಥವಾ ಹತ್ತಿ. ಯಾವ ಪ್ಲಾಸ್ಟಿಕ್ ಅಂತ ಹೇಳಲು, ಲೇಸರ್ ಬೆಳಕು ಬಿಟ್ಟು ವಸ್ತುವನ್ನು ಗುರುತಿಸುವ ರಾಮನ್ ಯಂತ್ರ ಬೇಕು, ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಸಿಕ್ಕಿದ್ದರಲ್ಲಿ ಹೆಚ್ಚಿನವು ಎಳೆಗಳೇ: ನೀಲಿ, ಕಪ್ಪು, ಬಣ್ಣವಿಲ್ಲದವು. ಚೂರು ಅಪರೂಪ. ಟ್ಯಾಂಕಿನಲ್ಲಿ ಕಂಡದ್ದಕ್ಕೆ ಇದು ಹೊಂದುತ್ತದೆ. ಜಿಲೇಬಿ ಕೆಸರಿನ ಮೆತ್ತೆಯನ್ನು ಬಾಯಿ ತುಂಬ ತೆಗೆದುಕೊಳ್ಳುತ್ತದೆ. ಅದರೊಳಗಿನ ಎಳೆಯನ್ನು ಬೇರೆ ಮಾಡುವುದು ಅದರ ಕೈಲಾಗದ ಕೆಲಸ. ನನ್ನ ಉಂಡೆಯೊಳಗಿನ ಕೆಂಪು ದಾರದ ಕಥೆಯೇ ಇದೂ.

ಜೂನ್

ಮಳೆ ಹಿಡಿದಿದೆ, ಜಾಡಿಗಳು ಖಾಲಿ, ಓದುವ ಕೆಲಸ.

ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಕೂಡಿಟ್ಟ ಹೊಳೆ ಮೀನುಗಳಿವೆ. 2021ರಲ್ಲಿ ಅವುಗಳ ಕರುಳನ್ನು ಪರೀಕ್ಷೆ ಮಾಡಿದರು. ಇಪ್ಪತ್ತನೆಯ ಶತಮಾನದ ನಡುವಿಗಿಂತ ಹಿಂದಿನ ಮೀನುಗಳಲ್ಲಿ ಪ್ಲಾಸ್ಟಿಕ್ ಇಲ್ಲ, 1950ರ ದಶಕದಿಂದ ಏರುತ್ತಲೇ ಹೋಗಿದೆ. ಅಲ್ಲೂ ಹೆಚ್ಚಿನದು ಎಳೆ. ಎಳೆಯ ಮೂಲ ದೂರದಲ್ಲೇನೂ ಇಲ್ಲ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಲೆಕ್ಕ ಹಾಕಿದಂತೆ, 6 ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಒಂದು ಸಲ ಮೆಷಿನ್ನಿಗೆ ಹಾಕಿದರೆ 7 ಲಕ್ಷಕ್ಕೂ ಹೆಚ್ಚು ಎಳೆ ನೀರಿಗೆ ಹೋಗಬಹುದು. ಕೆರೆ ದಡದಲ್ಲಿ ಬಿದ್ದ ಕವರು ನಮ್ಮ ಕಣ್ಣಿಗೆ ಚುಚ್ಚುತ್ತದೆ, ಸ್ವಚ್ಛತಾ ಅಭಿಯಾನದಲ್ಲಿ ಅದನ್ನು ಹೆಕ್ಕುತ್ತೇವೆ. ಬಚ್ಚಲಿನ ನೀರಿನಲ್ಲಿ ಹೋದ ಎಳೆಯನ್ನು ಹೆಕ್ಕುವವರಿಲ್ಲ. ನನಗೀಗ ಕವರಿಗಿಂತ ಎಳೆಯದ್ದೇ ಚಿಂತೆ ಜಾಸ್ತಿ.

ನಮ್ಮ ಪಕ್ಕದ್ದೇ ಒಂದು ಅಧ್ಯಯನವನ್ನೂ ಮತ್ತೆ ಓದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಪೇಂದ್ರ ನೋಂಗ್ತೊಂಬಾ ಅವರ ತಂಡ ಕೆಆರ್‌ಎಸ್ ಬಳಿ ವೇಗವಾಗಿ ಹರಿಯುವ, ನಿಧಾನ ಹರಿಯುವ, ನಿಂತ ನೀರು ಹೀಗೆ ಮೂರು ಕಡೆಯ ನೀರು ತಂದು 2022ರಲ್ಲಿ ಫಲಿತಾಂಶ ಪ್ರಕಟಿಸಿತು. ನೀರಿನಲ್ಲಿ ಮೈಕ್ರೋಪ್ಲಾಸ್ಟಿಕ್, ಅಂದರೆ ತೀರಾ ಸಣ್ಣ ಪ್ಲಾಸ್ಟಿಕ್ ಚೂರು, ಎಳೆ ಇತ್ತು, ಬೇರೆ ವಿಷ ರಾಸಾಯನಿಕಗಳೂ ಇದ್ದವು. ನಿಧಾನದ ಮತ್ತು ನಿಂತ ನೀರಿನಲ್ಲಿ ಬೆಳೆಸಿದ ಜೀಬ್ರಾಫಿಶ್ ಭ್ರೂಣಗಳಲ್ಲಿ ಹೃದಯದ ತೊಂದರೆ, ಡಿಎನ್‌ಎ ಹಾನಿ, ಹೆಚ್ಚಿನ ಸಾವು ಕಂಡವು. ಇದನ್ನು ಪೂರ್ತಿ ಪ್ಲಾಸ್ಟಿಕ್ಕಿನ ತಲೆಗೆ ಕಟ್ಟುವಂತಿಲ್ಲ. ಆದರೆ ನೀರು ನಿಂತ ಕಡೆ ಮೀನಿಗೆ ಕಷ್ಟ ಹೆಚ್ಚು ಅನ್ನುವ ಸುಳಿವು ನನ್ನ ಮುಂದಿನ ಹೆಜ್ಜೆಗೆ ಸಾಕು.

ಮುಂದೆ

ಒಂದೇ ನೀರಿನ ಮೂರು ಬಗೆಯ ಮೀನು ಬೇಕು. ಮೇಲ್ಭಾಗದಲ್ಲಿ ಸೋಸಿ ತಿನ್ನುವ ಕಾಟ್ಲಾ, ತಳದ ಕೆಸರು ತಿನ್ನುವ ಮೃಗಾಲ್, ಬೇರೆ ಮೀನನ್ನೇ ಹಿಡಿದು ನುಂಗುವ ಕೊರವ. ಕೊರವನಿಗೆ ಎಳೆ ಬರುವುದಿದ್ದರೆ ಅದು ತಿಂದ ಮೀನಿನ ಹೊಟ್ಟೆಯ ಮೂಲಕವೂ ಬರಬಹುದು, ಆದ್ದರಿಂದ ಅದರ ಕರುಳಿನಲ್ಲಿ ಸಿಕ್ಕ ಸಣ್ಣ ಮೀನನ್ನು ಬೇರೆ ಜಾಡಿಗೆ ಹಾಕಬೇಕು. ಕೊಯ್ಯುವ ಅಣ್ಣ ಕೆರೆ ಮೀನು ಬಂದ ದಿನ ಫೋನ್ ಮಾಡುತ್ತೇನೆ ಅಂದಿದ್ದಾರೆ. ಸ್ಟೀಲ್ ಡಬ್ಬಿ ಈಗ ಅವರ ಅಂಗಡಿಯಲ್ಲೇ ಇದೆ. ಜಾಡಿ ಬೆಚ್ಚಗಿಡಲು ಬಿಸಿಲಿಲ್ಲದ ಕಾರಣ, ಹಳೆಯ ಅಕ್ವೇರಿಯಂ ಹೀಟರ್ ಹಾಕಿದ ನೀರಿನ ತೊಟ್ಟಿಯೊಂದನ್ನು ಸಜ್ಜು ಮಾಡುತ್ತಿದ್ದೇನೆ. ಸದ್ಯಕ್ಕೆ ಅದು 34 ಡಿಗ್ರಿಗಿಂತ ಮೇಲೆ ಹೋಗುತ್ತಿಲ್ಲ. ಅಷ್ಟಕ್ಕೆ ಮಾಂಸ ಕರಗಲು ಎಷ್ಟು ದಿನ ಬೇಕು ಅನ್ನುವುದನ್ನು ಮೊದಲು ಒಂದು ಕೋಳಿ ಚೂರು ಹಾಕಿ ನೋಡಬೇಕು.